ತಾತ ಹೋದ ಮೇಲೆ ಸಲ್ಲಿಸಿದ ರಿಟರ್ನ್

ಮಕ್ಕಳೇ, ಈ ವಿಷಯ ನಿಮ್ಮ ಅಮ್ಮನಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಎದುರು ಕೂತು ಹೇಳಲು ನನಗೆ ಸಂಕೋಚ. ಅದಕ್ಕೇ ಬರೆದಿಡುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡ ಮೇಲೂ ಅವರ ಫೋನಿಗೆ ನಾನು ಕರೆನ್ಸಿ ಹಾಕಿಸುತ್ತಲೇ ಇದ್ದೆ. ಗ್ಯಾಸಿಗೆ, ಡೈರಿಗೆ, ಬ್ಯಾಂಕಿಗೆ, ಕಾಫಿ ರೇಟಿನ ಮೆಸೇಜಿಗೆ, ಎಲ್ಲಕ್ಕೂ ಕೊಟ್ಟಿದ್ದು ಅದೊಂದೇ ನಂಬರು. ನಮ್ಮ ಕಡೆ ಯಜಮಾನರ ನಂಬರೇ ಮನೆಯ ನಂಬರು. ಯಾರಾದರೂ ಫೋನ್ ಮಾಡಿ, ಒಂದು ಓಟಿಪಿ ಬಂದಿರುತ್ತದೆ ಹೇಳಿ ಎಂದರೆ, ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕಿ ಓದಿ ಹೇಳಿ ಇಟ್ಟುಬಿಡುತ್ತಿದ್ದೆ. ಗುರುತಿಲ್ಲದವರ ಹತ್ತಿರ ಎರಡನೇ ಮಾತು ಆಡಿ ನನಗೆ ಅಭ್ಯಾಸವಿಲ್ಲ.

ಈ ವರ್ಷ ನನ್ನ ಹೆಸರಿಗೇ ಆದಾಯ ತೆರಿಗೆಯವರಿಂದ ಪತ್ರ ಬಂತು. ನನ್ನ ಠೇವಣಿಗೆ ಬಡ್ಡಿ ಬಂದಿದೆ, ಹಿಂದಿನ ಎರಡು ವರ್ಷದ ರಿಟರ್ನ್ ಸಲ್ಲಿಸಿಲ್ಲ ಎಂದು ಅದರಲ್ಲಿತ್ತು. ನಿಮ್ಮ ಅಮ್ಮ ನನ್ನನ್ನು ಸಕಲೇಶಪುರಕ್ಕೆ, ತಾತ ಪ್ರತಿ ವರ್ಷ ಹೋಗುತ್ತಿದ್ದ ತೆರಿಗೆ ಸಲಹೆಗಾರರ ಹತ್ತಿರ ಕರೆದುಕೊಂಡು ಹೋದಳು. ತಾತ ಇಲ್ಲವೆಂದು ಅವರಿಗೆ ಅವಳೇ ಹೇಳಿದಳು.

"ಹಳೇ ವರ್ಷದ್ದೂ ಈಗ ಕಂಪ್ಯೂಟರಲ್ಲೇ ಹಾಕ್ಬೋದು ಅಮ್ಮಾ. ತಡ ಆಗಿದ್ದಕ್ಕೆ ಒಂಚೂರು ಜಾಸ್ತಿ ಕಟ್ಬೇಕು, ಅಷ್ಟೇಯ" ಎಂದರು ಅವರು. ತೋಟದ ಕಾಫಿ ಹಣ್ಣು ಮಾರಿದ ದುಡ್ಡಿಗೆ ತೆರಿಗೆ ಇಲ್ಲ, ಬೆಳಗೋಡಿನ ನಮ್ಮ ಮೂರು ಮಳಿಗೆಯ ಬಾಡಿಗೆಗೆ ಇದೆ. ಆ ಬಾಡಿಗೆಯನ್ನು ಮೊದಲು ಹೇಗೆ ತೋರಿಸಿದ್ದರು ಎಂದು ನೋಡಲು ಕಂಪ್ಯೂಟರಿನಲ್ಲಿ ತಾತನ ಪುಟ ತೆರೆದರು. ತೆರೆದವರು ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು.

"ಅಮ್ಮಾ, ಯಜಮಾನ್ರು ಕಳೆದ ವರ್ಷನೂ ರಿಟರ್ನ್ ಹಾಕವ್ರೆ. ಅದರ ಹಿಂದಿನ ವರ್ಷನೂ."

"ಏನ್ ಸಾರ್ ಹಂಗಂದ್ರೆ?" ನಿಮ್ಮ ಅಮ್ಮ ಎದ್ದು ನಿಂತಳು. "ಅಪ್ಪ ಹೋಗಿ ಮೂರು ವರ್ಷ ಆಗೈತೆ ಕಣ್ರೀ!"

ಬೆಂಚಿನ ಮೇಲೆ ಕಾಯುತ್ತಿದ್ದ ಹೊಂಗಡಹಳ್ಳದ ಗೌಡರೊಬ್ಬರು ನಕ್ಕುಬಿಟ್ಟರು. "ನಮ್ಮೂರಾಗೆ ಬದುಕಿರೋರಿಗೇ ಸಿಗ್ನಲ್ ಇಲ್ಲ ಮಾರಾಯ, ಅಲ್ಲಿ ಐತಾ?"

ನನಗೆ ಆಗ ಹೊಳೆಯಿತು. ಕಳೆದ ಎರಡು ವರ್ಷವೂ, ರಿಟರ್ನ್ ಹಾಕುವ ಜುಲೈಯಲ್ಲಿ, ಈ ಆಫೀಸಿನ ಹುಡುಗಿ ಫೋನ್ ಮಾಡಿದ್ದಳು. ತಾತ ಇಲ್ಲವೆಂದು ಅವಳಿಗೆ ತಿಳಿಯದು. ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ. ಹಳೆಯ ಲೆಕ್ಕವನ್ನೇ ಹಾಕಿ ಓಟಿಪಿ ಕೇಳಿದಳು, ನಾನು ಗ್ಯಾಸಿನದಿರಬೇಕು ಎಂದು ಓದಿದೆ. ರಿಟರ್ನಿಗೆ ಆ ಅಂಕಿಯೇ ಸಹಿಯಂತೆ. ಸತ್ತವರು ಸಹಿ ಹಾಕಿದ ಹಾಗಾಯಿತು. ಹಾಕಿಸಿದವಳು ನಾನು.

"ಅವ್ವಾ, ಓಟಿಪಿ ನೀನು ಕೊಟ್ಯಾ?" ಎಂದು ನಿಮ್ಮ ಅಮ್ಮ ಕೇಳಿದಳು. ತಲೆ ಆಡಿಸಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಬಾಯಿಗೆ ಸೆರಗು ಒತ್ತಿಕೊಂಡು ಕೂತಳು.

ಸಲಹೆಗಾರರು ದನಿ ತಗ್ಗಿಸಿದರು. "ನಮ್ದೂ ತಪ್ಪೈತೆ. ಯಾರೂ ಕೇಳಿಲ್ಲ, ಸುಮ್ನಿದ್ಬುಡಾನ. ನಿಮ್ಮ ಬಡ್ಡಿದು ಮಾತ್ರ ಹಾಕಿ ಮುಗ್ಸಾನ."

ನಿಮ್ಮ ಅಮ್ಮ ನನ್ನ ಮುಖ ನೋಡಿದಳು. ಹೂಂ ಅಂದರೆ ಮನೆಗೆ ಹೋಗಬಹುದಿತ್ತು. ಆದರೆ ನಿಮ್ಮ ತಾತ ಆ ಯಂತ್ರದೊಳಗೆ ಬದುಕಿದ್ದು, ಬಾಡಿಗೆ ಎಣಿಸುತ್ತಾ, ನನ್ನ ಮಾತಿಗೆ ಸಿಕ್ಕಿಬಿದ್ದಿರುವುದನ್ನು ನೆನೆದರೆ ಹೂಂ ಅನ್ನಲು ಮನಸ್ಸು ಬರಲಿಲ್ಲ. ನಿಮ್ಮ ತಾತ ಅಂಥ ಹರಿಶ್ಚಂದ್ರರೇನಲ್ಲ. ಬಾಡಿಗೆಗೆ ಹೋಗಿದ್ದ ಮಳಿಗೆಯನ್ನು ಖಾಲಿ ಎಂದು ಬರೆಸಿದ ವರ್ಷವೂ ಉಂಟು. ಆದರೆ ಅವರ ಸುಳ್ಳನ್ನು ಅವರೇ ಹೇಳುತ್ತಿದ್ದರು.

"ಬ್ಯಾಡ ಸಾರ್" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಅವ್ರು ಹೋಗವ್ರೆ ಅಂತ ಬರೀರಿ. ಬಾಡಿಗೆ ತಿಂದಿದ್ದು ನಾನು, ನನ್ನ ಹೆಸರಿಗೇ ಹಾಕಿ."

"ಜಾಸ್ತಿ ಕಟ್ಬೇಕಾಯ್ತದೆ ಅಮ್ಮಾ. ವಾರಸುದಾರ್ತಿ ಅಂತ ಅರ್ಜಿ ಬೇರೆ ಹಾಕ್ಬೇಕು, ಮರಣ ಪತ್ರ ಬೇಕು."

"ಕಟ್ತೀನಿ. ತತ್ತೀನಿ."

ತೀರಿಕೊಂಡ ದಿನ ಯಾವುದು ಎಂದು ಕೇಳಿದರು. ಹೇಳಿದೆ. ಮೂರು ವರ್ಷದಲ್ಲಿ ಹೊರಗಿನವರ ಮುಂದೆ ನಾನೇ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಬೆಂಚಿನ ಗೌಡರು ನಗು ನಿಲ್ಲಿಸಿ ಹೊರಗೆ ಎದ್ದುಹೋದರು.

ಎಲ್ಲ ಕಾಗದ ಒದಗಿಸಿಕೊಂಡು ಹದಿನೈದು ದಿನ ಬಿಟ್ಟು ಮತ್ತೆ ಹೋದೆವು. ಮೊದಲು ವಾರಸುದಾರ್ತಿಯ ಅರ್ಜಿ ಹಾಕಿ, ನನ್ನ ಎರಡು ಹಳೆಯ ವರ್ಷದ ರಿಟರ್ನ್ ತುಂಬಿ, ತೆರಿಗೆ ಕಟ್ಟಿಸಿ, ಅದೇ ಹುಡುಗಿ "ಅಜ್ಜೀ, ನಿಮ್ಮ ಫೋನಿಗೆ ಓಟಿಪಿ ಬಂದೈತೆ, ಹೇಳಿ" ಎಂದಳು.

"ಮೊದ್ಲು ಅಲ್ಲೇನು ಬರ್ದೈತೆ ಓದವ್ವ" ಎಂದೆ.

ಅವಳಿಗೆ ಆಶ್ಚರ್ಯವಾಯಿತು. ಯಾರೂ ಹಾಗೆ ಕೇಳುವುದಿಲ್ಲವಂತೆ. ಇಂಗ್ಲಿಷಿನಲ್ಲಿದ್ದದ್ದನ್ನು ತಡವರಿಸುತ್ತಾ ಕನ್ನಡದಲ್ಲಿ ಹೇಳಿದಳು: ಇದರಲ್ಲಿ ಕೊಟ್ಟಿರುವುದೆಲ್ಲ ನನಗೆ ತಿಳಿದಮಟ್ಟಿಗೆ ಸರಿಯಾಗಿದೆ, ಪೂರ್ತಿಯಾಗಿದೆ. ಅಷ್ಟು ದೊಡ್ಡ ಮಾತನ್ನು ಎರಡು ಸಲ ನಿಮ್ಮ ತಾತನ ಪರವಾಗಿ ಹೇಳಿ, ಹೋಗಿ ಹಾಲು ಕಾಯಿಸಿದ್ದೆನಲ್ಲ ಎಂದುಕೊಂಡೆ. ಇನ್ನೊಂದು ಸಲ ಓದಿಸಿ, ಆಮೇಲೆ ನಂಬರ್ ಹೇಳಿದೆ.