ಹಲ್ಲು ಬಾರದ ತಂಗಿಗೆ ಮಳೆನೀರು

ತಾರಸಿಯ ಮಳೆನೀರು ತುಂಬಿದ ಹೊಸ ತೊಟ್ಟಿಯ ನಲ್ಲಿ ತಿರುಗಿಸಿದ್ದೇ ತಡ, ಮಂಡಿಕಲ್ ಬಳಿಯ ನಮ್ಮ ಶಾಲೆಯ ಮಕ್ಕಳೆಲ್ಲ ಲೋಟ ಹಿಡಿದು ಮುಗಿಬಿದ್ದರು. ಆರನೇ ತರಗತಿಯ ಹುಡುಗಿಯೊಬ್ಬಳು ಮಾತ್ರ ಒಂದು ಗುಟುಕೂ ಕುಡಿಯದೆ ಬಾಟಲಿಗೆ ತುಂಬಿಕೊಂಡಳು. ಬೋರ್‌ವೆಲ್ಲಿನ ಫ್ಲೋರೈಡ್ ನೀರು ಕುಡಿದು ಅವಳ ಹಲ್ಲೆಲ್ಲ ಕಂದುಗಟ್ಟಿದ್ದವು. ಮಾತನಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು.

“ನೀನು ಕುಡಿಯಲ್ವೇನಮ್ಮ?” ಎಂದೆ.

“ನನ್ನ ಹಲ್ಲು ಹೆಂಗೂ ಹಾಳಾಗೋಗವೆ ಮಿಸ್. ಮನೇಲಿ ತಂಗಿಗೆ ಇನ್ನೂ ಹಲ್ಲೇ ಬಂದಿಲ್ಲ, ಅವಳಿಗೆ ತಗೊಂಡೋಗ್ತೀನಿ.”

ಬಾಟಲಿಯ ಮುಚ್ಚಳ ಬಿಗಿ ಮಾಡಿಕೊಟ್ಟೆ.

ಆ ತಂಗಿಯನ್ನು ನಾನು ಇವತ್ತಿಗೂ ನೋಡಿಲ್ಲ. ಆದರೆ ಬೆಟ್ಟದ ಮೇಲೆ ಮೋಡ ಕಟ್ಟಿದರೆ ಸಾಕು, ಪೊರಕೆ ಹಿಡಿದು ಶಾಲೆಯ ತಾರಸಿ ಹತ್ತಿ, ಒಂದು ಹುಣಸೆ ಎಲೆಯೂ ಉಳಿಯದಂತೆ ಗುಡಿಸಿ ಬರುತ್ತೇನೆ.