ಲಾಡ್ಜಿನ ಕೋಣೆಯಲ್ಲಿ ಇನ್ನೊಬ್ಬರು

ದೆವ್ವ, ಆತ್ಮ, ಮೈಮೇಲೆ ಬರುವುದು ಎಂಬ ಮಾತು ಶುರುವಾದರೆ ಎದ್ದು ಹೋಗುವವಳು ನಾನು. ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳು ಹುಣಸೆಮರದ ಕಥೆ ಹೇಳಿಕೊಂಡು ಹೆದರಿದರೆ ಅದೇ ಮರದ ಕೆಳಗೆ ಅವರನ್ನು ಕೂರಿಸಿ ಪಾಠ ಮಾಡಿದ್ದೇನೆ. ಈಗ ನಂಬುತ್ತೇನೆಂದೂ ಹೇಳುತ್ತಿಲ್ಲ. ಹೈದರಾಬಾದಿನಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೇ. ನಗುವವರು ಧಾರಾಳವಾಗಿ ನಗಲಿ, ಒಂದಕ್ಷರವನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ನನ್ನ ತಂಗಿ ಗಿರಿಜಾ ಅದೇ ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿದ್ದಾಳೆ. ಅವಳ ಗಂಡನಿಗೆ ರೈಲ್ವೆಯಲ್ಲಿ ಕೆಲಸ. ಮದುವೆಯಾಗಿ ಬಹಳ ಕಾಲದ ಮೇಲೆ ಅವಳು ಬಸುರಿಯಾದಳು. ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಇಟ್ಟುಕೊಂಡರು. ನಮ್ಮ ಕಡೆ ಕುಬಸಕ್ಕೆ ತವರಿನಿಂದ ಹಸಿರು ಸೀರೆ, ಹಸಿರು ಬಳೆ ಹೋಗಬೇಕು. ತವರಿನ ಹೆಂಗಸೇ ಮೊದಲು ಬಸುರಿಯ ಉಡಿ ತುಂಬಬೇಕು. ಅಪ್ಪ, ಅವ್ವ ಇಬ್ಬರೂ ತೀರಿಕೊಂಡಿದ್ದಾರೆ, ಅಣ್ಣತಮ್ಮಂದಿರಿಲ್ಲ. ಗಿರಿಜಾಳಿಗೆ ತವರು ಅಂತ ಉಳಿದಿರುವುದು ನಾನೊಬ್ಬಳೇ. ನಾನೋ ಗಂಡನನ್ನು ಕಳೆದುಕೊಂಡವಳು.

ಅವಳ ಅತ್ತೆ ಫೋನು ಮಾಡಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿದರು: "ನೀವು ಊಟದ ಹೊತ್ತಿಗೆ ಬಂದ್ರೂ ನಡೀತೈತ್ರಿ. ಉಡಿ ತುಂಬೂದು ಇಲ್ಲಿ ಮುತ್ತೈದೇರು ನೋಡ್ಕೋತಾರ. ಮನ್ಯಾಗ ಮಂದಿ ಭಾಳ ಆಗ್ಯಾರ, ನಿಮಗ ಸುಮ್ನ ತ್ರಾಸು."

ನನಗೆ ಮೈಯೆಲ್ಲ ಉರಿಯಿತು. ನಮ್ಮವ್ವನಿಗೂ ಹೀಗೇ ಮಾಡಿದ್ದರು. ಅಪ್ಪ ಹೋದ ಮೇಲೆ ಅವಳು ಗಾಜಿನ ಬಳೆ ಮುಟ್ಟಲಿಲ್ಲ. ನನ್ನ ಕುಬಸದ ದಿನ ಹೋಳಿಗೆಯಿಂದ ಹಿಡಿದು ಎಲ್ಲ ಅಡುಗೆ ಅವಳದೇ. ಉಡಿ ತುಂಬುವ ಹೊತ್ತಿಗೆ ಮಾತ್ರ ಪಕ್ಕದ ಮನೆಯವರನ್ನು ಕರೆದರು, ಅವ್ವ ಅಡುಗೆಮನೆಯ ಬಾಗಿಲ ಹಿಂದೆ ನಿಂತಳು. ಹೆತ್ತವಳು ಅಲ್ಲಿ, ಯಾರೋ ಇಲ್ಲಿ. ಆ ಸಿಟ್ಟು ನನಗೆ ಇನ್ನೂ ಆರಿಲ್ಲ.

ಹಾಗಾಗಿ ಯಾರಿಗೂ ಹೇಳದೆ ಹಿಂದಿನ ದಿನವೇ ಹೊರಟೆ. ಸ್ಟೇಷನ್ನಿಗೆ ಹತ್ತಿರದ ಒಂದು ಸಾಧಾರಣ ಲಾಡ್ಜಿನಲ್ಲಿ ಕೋಣೆ ಹಿಡಿದೆ. ಒಂದು ಮಂಚ, ಗೋಡೆಗೆ ತೂಗುಹಾಕಿದ ಟಿ.ವಿ., ಕರಕರ ಎನ್ನುವ ಫ್ಯಾನು. ಸೀರೆ, ಬಳೆ, ಉಡಿಯ ಸಾಮಾನು ಎಲ್ಲ ಚೀಲದೊಳಗೇ ಇತ್ತು. ಸಿಟ್ಟಿನಲ್ಲಿ ಬಂದೆನೇನೋ ಸರಿ, ಆದರೆ ನಾಳೆ ಅಷ್ಟು ಜನರ ಎದುರಿಗೆ ನನ್ನ ಕೈ ಮುಂದೆ ಹೋಗುತ್ತದೆಯೇ ಎಂಬುದು ನನಗೇ ಗೊತ್ತಿರಲಿಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ಅದು ನನ್ನ ಕೈಗುಣವೆಂದೇ ಗಿರಿಜಾಳನ್ನು ಹಂಗಿಸುತ್ತಾರೆ. ಹೊಟ್ಟೆಯಲ್ಲಿರುವ ಕೂಸನ್ನೂ ಬಿಡುವುದಿಲ್ಲ.

ಸಂಜೆ ಚಹಾ ಹೇಳಿದೆ. ಎರಡು ಕಪ್ ಬಂದವು. ಒಂದನ್ನು ವಾಪಸು ಕಳಿಸಿದೆ. ಟವೆಲ್ ಕೇಳಿದೆ, ಎರಡು ಬಂದವು. ಕೌಂಟರಿಗೆ ಇಳಿದು ಕೋಣೆಯಲ್ಲಿರುವುದು ನಾನೊಬ್ಬಳೇ ಎಂದು ಹೇಳಿಬಂದೆ. ಅಲ್ಲಿದ್ದಾತ ನನ್ನ ಮುಖ ನೋಡಿ ಸುಮ್ಮನೆ ತಲೆಯಾಡಿಸಿದ. ಲಾಡ್ಜುಗಳಲ್ಲಿ ಇಂಥ ಗೊಂದಲ ಇರುವುದೇ ಎಂದುಕೊಂಡು ಊಟ ಮಾಡಿ ಮಲಗಿದೆ. ನಿದ್ದೆ ಚೆನ್ನಾಗಿಯೇ ಬಂತು, ಕನಸೂ ಬೀಳಲಿಲ್ಲ.

ಬೆಳಿಗ್ಗೆ ಮತ್ತೆ ಎರಡು ಕಪ್ ಚಹಾ. ಈ ಸಲ ತಂದವಳು ಕೋಣೆ ಗುಡಿಸುವ ಬಸಮ್ಮ. ಯಾದಗಿರಿ ಕಡೆಯಿಂದ ದುಡಿಯಲು ಬಂದವಳು, ಅಂದಿನವರೆಗೆ ನಾನವಳನ್ನು ಕಂಡಿರಲಿಲ್ಲ. ನಾನು ರೇಗಿದೆ. "ಇಲ್ಲಿ ಇರೋದು ಒಬ್ಬಾಕೀನ. ಎಷ್ಟ್ ಸಲ ಹೇಳ್ಬೇಕ?"

"ಇನ್ನೊಂದು ನಿಮ್ಮ ಅವ್ವಾರಿಗ್ರಿ," ಅಂದಳು. "ನಿನ್ನಿ ನಾ ವರಾಂಡಾ ಒರಸಾಕತ್ತಿದ್ದೆ, ಬಾಗಲಾ ತೆರದಿತ್ತು. ಮಂಚದ ಮ್ಯಾಲ ಕುಂತಿದ್ರಲ್ರಿ. ನಾನ ಕೆಳಗ ಹೋಗಿ ಇಬ್ಬರದಾರ ಅಂತ ಹೇಳೀನಿ."

ನಾನು ಬಾಯಿ ತೆರೆಯುವ ಮೊದಲೇ ನನ್ನ ಕೈ ನೋಡಿ ಕೇಳಿದಳು: "ಅವರ ಕೈ ತುಂಬ ಹಸರ ಬಳಿ ಅದಾವ. ನಿಮ್ಮ ಕೈ ಯಾಕ ಖಾಲಿ ಬಿಟ್ಟೀರಿ?"

ಬಳೆಯ ಕಟ್ಟನ್ನು ನಾನು ಚೀಲದಿಂದ ಹೊರಗೆ ತೆಗೆದೇ ಇರಲಿಲ್ಲ. ಕುಬಸದ ವಿಷಯವನ್ನು ಆ ಲಾಡ್ಜಿನಲ್ಲಿ ಯಾರ ಹತ್ತಿರವೂ ಆಡಿರಲಿಲ್ಲ. ಇವಳ ಸುಳ್ಳನ್ನು ಇಲ್ಲೇ ಹಿಡಿಯಬೇಕೆಂದು ಮೊಬೈಲಿನಲ್ಲಿದ್ದ ಅವ್ವನ ಫೋಟೋ ತೋರಿಸಿದೆ. ತಲೆಯ ಮೇಲೆ ಸೆರಗು, ಮಡಿಲಲ್ಲಿ ಬೋಳು ಕೈಗಳು. ಕೊನೆಯ ದಿನಗಳಲ್ಲಿ ತೆಗೆದ ಚಿತ್ರ ಅದು. ಬಸಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

"ಹೂಂ, ಇವರ ರೀ," ಅಂದಳು. "ಖರೆ ಇದರಾಗ ಬಳಿ ಇಲ್ಲಲ್ರಿ." ಪೊರಕೆ ತೆಗೆದುಕೊಂಡು ಮುಂದಿನ ಕೋಣೆಗೆ ಹೋದಳು.

ನಾನು ಮಂಚದ ಮೇಲೆ ಕುಳಿತುಬಿಟ್ಟೆ. ಹೆದರಿಕೆಯಾಗಲಿಲ್ಲ. ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಎದ್ದು ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು ಆಟೋ ಹತ್ತಿದೆ. ಎರಡನೆಯ ಕಪ್ಪಿನ ಚಹಾ ಮೇಜಿನ ಮೇಲೆ ಹಾಗೇ ಇತ್ತು. ಮಧ್ಯಾಹ್ನ ಬಂದು ನೋಡಿದಾಗ ಕಪ್ಪುಗಳನ್ನು ತೊಳೆಯಲು ಒಯ್ದಿದ್ದರು, ಕುಡಿದರೋ ಚೆಲ್ಲಿದರೋ ದೇವರಿಗೇ ಗೊತ್ತು.

ನಾನು ಹೋದಾಗ ತಂಗಿಯ ಮನೆ ಹೆಂಗಸರಿಂದ ತುಂಬಿತ್ತು. ಗಿರಿಜಾ ಮಣೆಯ ಮೇಲೆ ಕುಳಿತಿದ್ದಳು. ಅವಳ ಅತ್ತೆ ಎದ್ದು ಬಂದು, "ಅಡಗಿಮನ್ಯಾಗ ಕುಂಡ್ರಿ ಬರ್ರಿ, ಚಾ ಮಾಡ್ತೀನಿ," ಅಂದರು. ಅಡುಗೆಮನೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನೊಳಗಿದ್ದ ಅಳುಕೆಲ್ಲ ಹೋಯಿತು.

"ಚಾ ಆಮ್ಯಾಲ ಕುಡಿಯೂಣ್ರಿ," ಅಂದೆ. "ತವರಿನ ಉಡಿ ಮೊದಲ ಆಗ್ಲಿ. ಬ್ಯಾಡ ಅನ್ನೋದಿದ್ರ ಗಿರಿಜಾ ಅನ್ಲಿ, ಬ್ಯಾರೆ ಯಾರೂ ಅನ್ನಬ್ಯಾಡ್ರಿ."

ಗಿರಿಜಾ ಮಣೆಯ ಮೇಲಿಂದಲೇ ನನ್ನ ಕಡೆ ತಿರುಗಿದಳು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಒಡ್ಡಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು ಎಲ್ಲ ಹಾಕಿದೆ. ಬಳೆ ತೊಡಿಸಿ ಮುಗಿಸಿದಾಗ ಅವಳು ಕಟ್ಟಿನಲ್ಲಿ ಮಿಕ್ಕಿದ ಬಳೆಗಳನ್ನು ತೆಗೆದು, "ಅಕ್ಕಾ, ಕೈ ಕೊಡು," ಅಂದಳು. ಬಸಮ್ಮನ ವಿಷಯ ಅವಳಿಗೆ ನಾನಿನ್ನೂ ಹೇಳಿರಲಿಲ್ಲ.

ಗಿರಿಜಾಳಿಗೆ ಹೆಣ್ಣುಮಗು. ಗಟ್ಟಿಮುಟ್ಟಾಗಿದೆ, ಈಗ ಮನೆ ತುಂಬ ಓಡಾಡುತ್ತದೆ. ಇಲ್ಲಿ ಸ್ಟಾಫ್‌ರೂಮಿನಲ್ಲಿ ಈ ಕಥೆಗೆ ಒಬ್ಬೊಬ್ಬರದು ಒಂದೊಂದು ವಿವರಣೆ. ಬಸಮ್ಮ ಬೇರೆ ಕೋಣೆಯ ಮುದುಕಿಯನ್ನು ನೋಡಿರಬೇಕು ಎನ್ನುತ್ತಾರೆ. ಸೆರಗು ಹೊದ್ದ ಮುದುಕಿಯರೆಲ್ಲ ಫೋಟೋದಲ್ಲಿ ಒಂದೇ ಥರ ಕಾಣುತ್ತಾರೆ ಎನ್ನುತ್ತಾರೆ. ಇರಬಹುದು. ನಾನೂ ಹೀಗೆಯೇ ಸಾವಿರ ಸಲ ಲೆಕ್ಕ ಹಾಕಿದ್ದೇನೆ, ಯಾವುದೂ ಹೊಂದುವುದಿಲ್ಲ. ಆಕೆ ಕಂಡದ್ದು ಯಾರನ್ನು ಎಂದು ನನಗೆ ಇಂದಿಗೂ ಗೊತ್ತಿಲ್ಲ.

ಬೋರ್ಡಿನ ಮೇಲೆ ಬರೆಯುವಾಗ ನನ್ನ ಬಳೆಗಳು ಸದ್ದು ಮಾಡುತ್ತವೆ. ಒಡೆದರೆ ಹೊಸವು ತರುತ್ತೇನೆ, ಹಸಿರೇ ತರುತ್ತೇನೆ. ಓಣಿಯ ಹಿರಿಯರೊಬ್ಬರು ಒಮ್ಮೆ ತಡೆದು ನಿಲ್ಲಿಸಿ, "ಇದೇನವ್ವಾ, ನಿಮ್ಮವ್ವ ಹಿಂಗಿರಲಿಲ್ಲಲ್ಲ," ಅಂದರು.

"ಈಗ ಆಕೀನೂ ಹಾಕ್ಕೊಂಡಾಳ್ರಿ," ಅಂದೆ.