ನೀಲಾವತಿಯ ಕೈಕೆಲಸ

ಚಾರ್ಮಾಡಿಯ ನೀಲಾವತಿಗೆ ದೇವರ ಕೆಲಸದಲ್ಲಿ ಅಷ್ಟೇನೂ ನಂಬಿಕೆಯಿರಲಿಲ್ಲ. ಹಸುಗೂಸುಗಳಿಗೆ ಎಣ್ಣೆ ಹಚ್ಚಿ ಮೀಯಿಸುವುದು ಆಕೆಯ ಕಸುಬು. ದೇವರು ಅವಸರದಲ್ಲಿ ಮಾಡಿ ಕಳಿಸಿದ ಮೂಗು, ಹಣೆ, ಬುರುಡೆಗಳನ್ನು ತಿದ್ದುವುದು ತನ್ನ ಜವಾಬ್ದಾರಿ ಎಂದೇ ತಿಳಿದಿದ್ದಳು. ಊರಲ್ಲಿ ಯಾರಿಗಾದರೂ ಒಳ್ಳೆಯ ಸಂಬಂಧ ಕೂಡಿಬಂದರೆ, "ಮೂಗು ಎಳೆದದ್ದು ಯಾರು?" ಎಂದು ಕೇಳುವಳು. ನನ್ನ ಮೂಗೂ ಆಕೆಯದೇ ಕೈಕೆಲಸ. ಅದರ ಬಗ್ಗೆ ಹೆಚ್ಚು ಹೇಳುವುದು ಬೇಡ.

ನಮ್ಮ ನೆರೆಮನೆಯ ವಿಸ್ಮಿತಾ ಬಾಣಂತನಕ್ಕೆ ತವರಿಗೆ ಬಂದಾಗ ಅವಳ ಮಗುವನ್ನು ಮೀಯಿಸಿದ್ದೂ ನೀಲಾವತಿಯೇ. ಒಂದು ಬೆಳಿಗ್ಗೆ ಮೈ ಒರೆಸುವಾಗ ಮಗು ಉಚ್ಚೆ ಹೊಯ್ಯಿತು. ಬಟ್ಟೆ ಕೆಂಪಾಯಿತು.

ಮಂಗಳೂರಿನ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿ, ಮೂತ್ರಕೋಶದಲ್ಲಿ ರಕ್ತನಾಳಗಳ ಗಂಟೊಂದಿದೆ, ಕ್ಯಾನ್ಸರ್ ಅಲ್ಲ, ಹುಟ್ಟುವಾಗಲೇ ಇದ್ದದ್ದು, ಯಾರ ತಪ್ಪೂ ಇಲ್ಲ ಎಂದರು. ಆಸ್ಪತ್ರೆಯಲ್ಲೇ ಇರಿಸಿಕೊಂಡು, ಎದೆಬಡಿತ ನೋಡುತ್ತ ಮದ್ದು ಶುರುಮಾಡಿದರು. ಮನೆಯಲ್ಲೂ ಹಾಲು ಕುಡಿಸಿದ ಮೇಲೆಯೇ ಮದ್ದು ಕೊಡಬೇಕು, ಎಣ್ಣೆ ಹಚ್ಚುವಾಗ ಸದ್ಯಕ್ಕೆ ಹೊಟ್ಟೆ ಒತ್ತಬಾರದು ಎಂದರು. ಅದು ದೊಡ್ಡವರ ಬಿಪಿಗೆ ಕೊಡುವ ಮದ್ದೇ ಎಂದು ತಿಳಿದ ನೆಂಟರು, "ಇಷ್ಟು ಸಣ್ಣದಕ್ಕೆ ಎಂಥ ಟೆನ್ಶನ್ ಮಾರಾಯ್ರೆ?" ಎಂದು ಕೇಳಿ ಚಾ ಕುಡಿದು ಹೋದರು.

ಅದೆಲ್ಲ ಸುಲಭ. ಹೊಟ್ಟೆ ಒತ್ತಬೇಡ ಎಂದು ನೀಲಾವತಿಗೆ ಹೇಳುವವರು ಯಾರು? ವಿಸ್ಮಿತಾಳ ಅಪ್ಪ ತೋಟಕ್ಕೆ ಹೋದರು. ಅಮ್ಮನಿಗೆ ಇದ್ದಕ್ಕಿದ್ದಂತೆ ಅಡುಗೆಮನೆಯಲ್ಲಿ ಕೆಲಸ ಬಂತು. ಉಳಿದವರು ಗಂಡ ಜಯಪ್ರಕಾಶ್. ಮೂಡುಬಿದಿರೆಯ ಕಾಲೇಜಿನಲ್ಲಿ ವಿಜ್ಞಾನದ ಮಾಷ್ಟ್ರು; ಮೂಢನಂಬಿಕೆಯ ವಿರುದ್ಧ ಮೈಕ್ ಸಿಕ್ಕಿದರೆ ಬಿಡುವವರಲ್ಲ.

"ಹೊಟ್ಟೆ ಒತ್ತಬಾರದಂತೆ ನೀಲಕ್ಕ. ರಕ್ತ ಬಂತಲ್ಲ," ಎಂದರು.

ನೀಲಾವತಿ ಎಣ್ಣೆಯ ಬಟ್ಟಲು ಕೆಳಗಿಟ್ಟಳು. "ನನ್ನ ಕೈಯಿಂದ ಆದದ್ದಾ ಮಾಷ್ಟ್ರೇ?"

ಅಲ್ಲ ಎಂದರೆ ನಾಳೆ ಮತ್ತೆ ಒತ್ತಿಯಾಳು ಎಂಬ ಹೆದರಿಕೆ. ಮಾಷ್ಟ್ರು ಮೊಬೈಲ್ ನೋಡತೊಡಗಿದರು.

ಅಂದಿನಿಂದ ನೀಲಾವತಿ ಯಾರ ಮನೆಗೂ ಮೀಯಿಸಲು ಹೋಗಲಿಲ್ಲ. ಕರೆಯಲು ಬಂದವರಿಗೆ ಸೊಂಟನೋವು ಎಂದಳು. ಮಗು ಗುಣವಾಗಲಿ ಎಂದು ಹರಕೆ ಹೇಳಿಕೊಂಡಳು. ದೇವರ ಕೆಲಸದಲ್ಲಿ ತಪ್ಪು ಹುಡುಕುವುದನ್ನೂ ಬಿಟ್ಟಳು. ನಡೆದದ್ದೇನೆಂದು ಆಮೇಲೆ ತಿಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಕೆಲವು ತಿಂಗಳಾದ ಮೇಲೆ, ಗಂಟು ಚೆನ್ನಾಗಿ ಕುಗ್ಗಿದೆ ಎಂದು ಡಾಕ್ಟರು ಹೇಳಿದರು. ವಾಪಸು ಬರುವ ದಾರಿಯಲ್ಲಿ ವಿಸ್ಮಿತಾ, "ನೀಲಕ್ಕ ಮಗುವನ್ನು ನೋಡ್ಲಿಕ್ಕೂ ಬರುವುದಿಲ್ಲವಲ್ಲ, ಯಾಕೆ?" ಎಂದಳು. ಖುಷಿಯಲ್ಲಿದ್ದ ಮಾಷ್ಟ್ರು ನಿಜ ಹೇಳಿಬಿಟ್ಟರು. ಅವಳು ಕಾರನ್ನು ನೇರ ನೀಲಾವತಿಯ ಅಂಗಳಕ್ಕೇ ಬಿಡಿಸಿದಳು.

"ಅದು ಹುಟ್ಟುವಾಗಲೇ ಇದ್ದದ್ದು ನೀಲಕ್ಕ. ನಿಮ್ಮ ಕೈಯಿಂದ ಆದದ್ದಲ್ಲ. ಡಾಕ್ಟ್ರು ಆಗಲೇ ಹೇಳಿದ್ದಾರೆ."

ನೀಲಾವತಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಮಗುವನ್ನು ಎತ್ತಿಕೊಂಡಳು. ಹೊಟ್ಟೆಗೆ ತಾಗದಂತೆ ಎದೆಗೊರಗಿಸಿ, ಮೂಗು ನೋಡಿದಳು. "ಅಯ್ಯೋ, ಅಪ್ಪನ ಹಾಗೇ ಉಂಟಲ್ಲ! ಹೀಗೇ ಬಿಟ್ಟದ್ದಾ?"

ಆಮೇಲೆ ಮಾಷ್ಟ್ರ ಕಡೆ ತಿರುಗಿದಳು. "ಒಳಗೆ ಗಂಟು ಉಂಟು ಅಂತ ಹೇಳಿದ್ರೆ ನಾನು ಒತ್ತುತ್ತಿದ್ದೆನಾ ಮಾಷ್ಟ್ರೇ?"

ಮಾಷ್ಟ್ರು ಕಿಸೆಗೆ ಕೈಹಾಕಿದರು. ಮೊಬೈಲ್ ಕಾರಿನಲ್ಲೇ ಉಳಿದಿತ್ತು.